ಬಂದು ಹೋಗುವ ಅಂತರ್ಜಾಲ ಸಂಪರ್ಕ: ಕಚೇರಿಯ ಲಿನಕ್ಸ್ ಗಣಕಯಂತ್ರದಲ್ಲಿ ದೋಷದ ಸ್ಥಳ ಗುರುತಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಸಾರ್ವಜನಿಕರು ಪದೇ ಪದೇ ಕೇಳಿಸಿಕೊಳ್ಳುವ ಉತ್ತರಗಳಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬುದೂ ಒಂದು. ಇ-ಸ್ವತ್ತಿನ ನಮೂನೆ 9 ಮತ್ತು 11ರ ಪ್ರತಿಗಾಗಿ ಬಂದ ರೈತನಾಗಲಿ, ಕೆಲಸದ ಬೇಡಿಕೆ ಸಲ್ಲಿಸಲು ಬಂದ ಕೂಲಿಕಾರ ಮಹಿಳೆಯಾಗಲಿ ಆ ದಿನದ ದುಡಿಮೆಯನ್ನು ಬಿಟ್ಟೇ ಬಂದಿರುತ್ತಾರೆ. ಅವರು ಹಿಂದಿರುಗಿದ ಅರ್ಧ ಗಂಟೆಗೆ ಸಂಪರ್ಕ ತಾನಾಗಿಯೇ ಮರಳಿರುತ್ತದೆ. ಬಂದದ್ದಕ್ಕೆ ದಾಖಲೆಯಿಲ್ಲ, ಹಿಂದಿರುಗಿದ್ದಕ್ಕೂ ದಾಖಲೆಯಿಲ್ಲ. "ಸರ್ವರ್ ಇಲ್ಲ" ಎಂಬ ಎರಡು ಪದಗಳ ಹಿಂದೆ ಏಳೆಂಟು ಬೇರೆ ಬೇರೆ ಕಾರಣಗಳು ಅಡಗಿರಬಹುದು. ಅವುಗಳಲ್ಲಿ ಹಲವು ಕಚೇರಿಯ ನಾಲ್ಕು ಗೋಡೆಗಳ ಒಳಗೇ ಇರುವಂಥವು. ಕೆಲವು ಒಂದು ರೂಪಾಯಿಯ ಖರ್ಚೂ ಇಲ್ಲದೆ ಸರಿಹೋಗುವಂಥವು. ಯಾವುದು ಎಲ್ಲಿದೆ ಎಂದು ತಿಳಿಯದೆ ದುರಸ್ತಿಗೆ ಹಣ ಮಂಜೂರು ಮಾಡುವುದೆಂದರೆ, ಬತ್ತಿದ ಕೊಳವೆಬಾವಿಗೆ ಹೊಸ ನಲ್ಲಿ ಜೋಡಿಸಿದಂತೆ.

ಸದಸ್ಯರು ಗಣಕಯಂತ್ರದ ಪರಿಣತರಾಗಬೇಕೆಂಬುದು ಈ ಪಾಠದ ಉದ್ದೇಶವಲ್ಲ. ಪರೀಕ್ಷೆಗಳನ್ನು ನಡೆಸುವವರು ಡಾಟಾ ಎಂಟ್ರಿ ಆಪರೇಟರ್. ಆದರೆ ದುರಸ್ತಿ ಬಿಲ್ಲಿಗೆ ಸಾಮಾನ್ಯ ಸಭೆಯಲ್ಲಿ ಕೈ ಎತ್ತುವವರು ಸದಸ್ಯರು. "ನಿಮ್ಮ ಪಂಚಾಯಿತಿಯಲ್ಲಿ ಯಾವಾಗಲೂ ಸರ್ವರ್ ಇರುವುದಿಲ್ಲ" ಎಂಬ ಮಾತನ್ನು ವಾರ್ಡಿನಲ್ಲಿ ಕೇಳುವವರೂ ಅವರೇ. ಆದ್ದರಿಂದ ಯಾವ ಪ್ರಶ್ನೆ ಕೇಳಬೇಕು, ಬಂದ ಉತ್ತರದ ಅರ್ಥವೇನು ಎಂಬಷ್ಟು ತಿಳಿವಳಿಕೆ ಅವರಿಗೆ ಅವಶ್ಯಕ.

ಬಂದು ಹೋಗುವ ದೋಷವೇ ಏಕೆ ಕಠಿಣ

ಪೂರ್ತಿ ನಿಂತುಹೋದ ಸಂಪರ್ಕವನ್ನು ಸರಿಪಡಿಸುವುದು ಸುಲಭ. ತುಂಡಾದ ತಂತಿ ತುಂಡಾಗಿಯೇ ಇರುತ್ತದೆ, ಹುಡುಕಿದವರಿಗೆ ಸಿಗುತ್ತದೆ. ದಿನಕ್ಕೆ ನಾಲ್ಕು ಬಾರಿ ಕಡಿದು ನಾಲ್ಕು ಬಾರಿ ಕೂಡುವ ಸಂಪರ್ಕ ಹಾಗಲ್ಲ. ತಂತ್ರಜ್ಞ ತಾಲ್ಲೂಕು ಕೇಂದ್ರದಿಂದ ಬಂದು ನೋಡುವ ವೇಳೆಗೆ ಎಲ್ಲವೂ ಸರಿಯಾಗಿರುತ್ತದೆ. ಆತ ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸುತ್ತಾನೆ. ಕೆಲವೊಮ್ಮೆ ಕಾರ್ಯಾಚರಣ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಅಳವಡಿಸುತ್ತಾನೆ. ಭೇಟಿಯ ಶುಲ್ಕದ ರಸೀದಿ ಕೊಟ್ಟು ಹೋಗುತ್ತಾನೆ. ಮರುದಿನ ಅದೇ ಕಥೆ. ಹೀಗೆ ಮೂರು ರಸೀದಿಗಳು ಸೇರಿದ ಮೇಲೆ "ಹೊಸ ಗಣಕಯಂತ್ರ ಖರೀದಿ" ಎಂಬ ವಿಷಯ ಸಭೆಯ ಕಾರ್ಯಸೂಚಿಗೆ ಬರುತ್ತದೆ. ಹೊಸ ಯಂತ್ರವೂ ಅದೇ ಮೇಜಿನ ಮೇಲೆ, ಅದೇ ಕೇಬಲ್ಲಿಗೆ ಜೋಡಣೆಯಾಗುತ್ತದೆ.

ಹಣಕ್ಕಿಂತ ದೊಡ್ಡ ನಷ್ಟವೊಂದು ಇದರಲ್ಲಿದೆ, ಅದರ ಬಗ್ಗೆ ಚರ್ಚೆಯಾಗುವುದು ಕಡಿಮೆ. ಪಂಚಾಯಿತಿಯ ಪಾವತಿಗಳಿಗೆ ಡಿಜಿಟಲ್ ಸಹಿಯ ಡಾಂಗಲ್ ಬೇಕು. ಅಧ್ಯಕ್ಷರು ದೂರದ ಹಳ್ಳಿಯಿಂದ ಕಚೇರಿಗೆ ಬಂದು, ಎರಡು ಗಂಟೆ ಕಾದು, ಸಂಪರ್ಕ ಬಾರದೆ ಬೇಸತ್ತು, "ಸರ್ವರ್ ಬಂದಾಗ ನೀವೇ ಹಾಕಿಬಿಡಿ" ಎಂದು ಡಾಂಗಲ್ಲನ್ನೂ ಗುಪ್ತ ಸಂಖ್ಯೆಯನ್ನೂ ಮೇಜಿನ ಮೇಲಿಟ್ಟು ಹೋಗುವ ಸಂದರ್ಭಗಳು ಹುಟ್ಟುವುದು ಹೀಗೆಯೇ. ಆ ಸಹಿಯಿಂದ ಮುಂದೆ ಏನೇ ನಡೆದರೂ ಉತ್ತರ ಕೊಡಬೇಕಾದವರು ಸಹಿಯ ಒಡೆಯರು. ಅಲುಗಾಡುವ ಒಂದು ಕೇಬಲ್ಲಿನ ತುದಿ ಇಷ್ಟು ದೂರದ ಪರಿಣಾಮ ಉಂಟುಮಾಡಬಲ್ಲದು.

ನೀರಿನ ಮಾರ್ಗದಂತೆ ಮಾಹಿತಿಯ ಮಾರ್ಗ

ಒಂದು ಓಣಿಗೆ ನೀರು ಬಾರದಿದ್ದರೆ ಅನುಭವಿ ನೀರುಗಂಟಿ ಮೊದಲೇ ಗುದ್ದಲಿ ಹಿಡಿಯುವುದಿಲ್ಲ. ಪಕ್ಕದ ಮನೆಗೆ ಬರುತ್ತಿದೆಯೇ ಎಂದು ಕೇಳುತ್ತಾನೆ, ಗೇಟ್‌ವಾಲ್ವ್ ನೋಡುತ್ತಾನೆ, ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿದೆಯೇ, ಕೊಳವೆಬಾವಿಯ ಮೋಟಾರು ಓಡುತ್ತಿದೆಯೇ ಎಂದು ಹಂತ ಹಂತವಾಗಿ ಹಿಂದಕ್ಕೆ ಹೋಗುತ್ತಾನೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂಬ ಗಡಿ ಸಿಕ್ಕರೆ ದೋಷ ಸಿಕ್ಕಂತೆಯೇ.

ಅಂತರ್ಜಾಲದ ಮಾರ್ಗವೂ ಹೀಗೆಯೇ ಇದೆ. ಗಣಕಯಂತ್ರದಿಂದ ಒಂದು ಕೇಬಲ್ ಗೋಡೆಯ ಬದಿಯ ರೂಟರಿಗೆ ಅಥವಾ ಸ್ವಿಚ್ಚಿಗೆ ಹೋಗುತ್ತದೆ. ಅಲ್ಲಿಂದ ಒಎನ್‌ಟಿ ಎಂಬ ಚಿಕ್ಕ ಪೆಟ್ಟಿಗೆಗೆ. ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಮಾಹಿತಿಯನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಈ ಪೆಟ್ಟಿಗೆಯ ಕೆಲಸ. ಅನೇಕ ಪಂಚಾಯಿತಿಗಳಿಗೆ ಈ ಗಾಜಿನ ಎಳೆ ಬಂದದ್ದು 2011ರಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಯಿಂದ. ಇದೇ ಮುಂದೆ ಭಾರತ್‌ನೆಟ್ ಎಂದಾಯಿತು. ಒಎನ್‌ಟಿಯಿಂದ ಹೊರಟ ಎಳೆ ಮರದ ಕೆಳಗೆ, ರಸ್ತೆಯ ಬದಿಯಲ್ಲಿ, ಸೇತುವೆಯ ಅಂಚಿನಲ್ಲಿ ಹಲವು ಕಿಲೋಮೀಟರ್ ಸಾಗಿ ದೂರವಾಣಿ ಕೇಂದ್ರವನ್ನು ತಲುಪುತ್ತದೆ. ಅಲ್ಲಿಂದಾಚೆ ದೊಡ್ಡ ಜಾಲ. ಅದರ ಕೊನೆಯಲ್ಲಿ ಪಂಚತಂತ್ರ 2.0 ಅಥವಾ ಇ-ಸ್ವತ್ತು ತಂತ್ರಾಂಶವಿರುವ ಸರ್ವರ್. ಈ ಇಡೀ ಮಾರ್ಗದ ತುತ್ತತುದಿಯಲ್ಲಿ ಇರುವುದಷ್ಟೇ ಸರ್ವರ್. ಕಚೇರಿಯ ಕೇಬಲ್ ಸಡಿಲವಾದರೂ ಮಾತು ಮಾತ್ರ "ಸರ್ವರ್ ಇಲ್ಲ" ಎಂದೇ ಇರುತ್ತದೆ.

ಮೊದಲ ಉಪಕರಣ: ಒಂದು ವಹಿ

ದೋಷ ಹುಡುಕಲು ಬೇಕಾದ ಮೊದಲ ಸಾಧನ ಇಪ್ಪತ್ತು ರೂಪಾಯಿಯ ನೋಟ್ ಪುಸ್ತಕ. ಸಂಪರ್ಕ ಕಡಿದ ವೇಳೆ, ಮರಳಿದ ವೇಳೆ, ಆ ಹೊತ್ತಿನಲ್ಲಿ ರೂಟರ್ ಮತ್ತು ಒಎನ್‌ಟಿಯ ಯಾವ ದೀಪಗಳು ಉರಿಯುತ್ತಿದ್ದವು, ಕಚೇರಿಯ ಇತರ ಯಂತ್ರಗಳಲ್ಲೂ ಸಂಪರ್ಕ ಹೋಗಿತ್ತೇ ಎಂಬ ನಾಲ್ಕು ಅಂಶಗಳನ್ನು ಹತ್ತು ದಿನ ಬರೆದರೆ ಸಾಕು. "ಆಗಾಗ ಹೋಗುತ್ತದೆ" ಎಂಬ ಹೇಳಿಕೆಯಿಂದ ಯಾವ ತಂತ್ರಜ್ಞನೂ ಏನನ್ನೂ ತಿಳಿಯಲಾರ. "ಸೋಮವಾರ 11.05ರಿಂದ 11.08" ಎಂಬ ನಮೂದು ಸಾಕ್ಷಿ.

ಒಂದು ಕಚೇರಿಯ ವಹಿ ಹೀಗಿದೆ ಎಂದು ಭಾವಿಸಬಹುದು: ಪ್ರತಿದಿನ ಬೆಳಿಗ್ಗೆ ಹನ್ನೊಂದರ ಆಸುಪಾಸು, ಮತ್ತೆ ಸಂಜೆ ನಾಲ್ಕರ ಆಸುಪಾಸು ಸಂಪರ್ಕ ಕಡಿಯುತ್ತದೆ, ಎರಡು ಮೂರು ನಿಮಿಷಗಳ ನಂತರ ತಾನೇ ಬರುತ್ತದೆ. ಭಾನುವಾರ ಕಚೇರಿಯಲ್ಲಿ ಯಾರೂ ಇಲ್ಲದ ಕಾರಣ ನಮೂದಿಲ್ಲ. ಗಣಕಯಂತ್ರ ಮಾತ್ರ ಒಮ್ಮೆಯೂ ಆರಿಲ್ಲ. ಈ ವಹಿಯನ್ನು ಓದಿದ ಸದಸ್ಯರು ಯಾರಾದರೂ ಕೃಷಿಕರಾಗಿದ್ದರೆ ಉತ್ತರ ಅವರಿಗೇ ಹೊಳೆಯುತ್ತದೆ. ಅದು ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕೊಡುವ ಮತ್ತು ತೆಗೆಯುವ ವೇಳೆ! ಬದಲಾವಣೆಯ ಆ ಕ್ಷಣದಲ್ಲಿ ವಿದ್ಯುತ್ ಒಂದೆರಡು ಸೆಕೆಂಡು ಮಿನುಗುತ್ತದೆ. ಗಣಕಯಂತ್ರ ಯುಪಿಎಸ್ ಮೇಲಿರುವುದರಿಂದ ಅದಕ್ಕೆ ಏನೂ ತಿಳಿಯುವುದಿಲ್ಲ. ಒಎನ್‌ಟಿ ಮತ್ತು ರೂಟರುಗಳು ಗೋಡೆಯ ಸಾಮಾನ್ಯ ಸಾಕೆಟ್ಟಿನಲ್ಲಿವೆ. ಅವು ಆರಿ, ಮತ್ತೆ ಹೊತ್ತಿ, ತಮ್ಮ ಕೆಲಸವನ್ನು ಮೊದಲಿನಿಂದ ಆರಂಭಿಸಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಹಗಲಿನಲ್ಲಿ ಕಚೇರಿಯ ದೀಪಗಳು ಉರಿಯುತ್ತಿರುವುದಿಲ್ಲವಾದ್ದರಿಂದ ವಿದ್ಯುತ್ ಮಿನುಗಿದ್ದು ಯಾರ ಗಮನಕ್ಕೂ ಬರುವುದಿಲ್ಲ.

ಪರಿಹಾರವೆಂದರೆ ಆ ಎರಡು ಚಿಕ್ಕ ಪೆಟ್ಟಿಗೆಗಳ ಪ್ಲಗ್ಗನ್ನು ಯುಪಿಎಸ್‌ಗೆ ಬದಲಾಯಿಸುವುದು. ಅವು ಬಳಸುವ ವಿದ್ಯುತ್ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ನಡುವೆ ಸ್ವಿಚ್ಚೊಂದಿದ್ದರೆ ಅದನ್ನೂ ಸೇರಿಸಬೇಕು, ಏಕೆಂದರೆ ಮಾರ್ಗದಲ್ಲಿರುವ ಯಾವ ಪೆಟ್ಟಿಗೆ ಆರಿದರೂ ಫಲ ಒಂದೇ. ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಹಾಕಬಾರದು. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ಸೇ ಕುಸಿಯುತ್ತದೆ. ಇದೂ ಸಂಪರ್ಕ ಕಡಿಯುವ ಇನ್ನೊಂದು ದಾರಿ.

ಲಿನಕ್ಸ್ ಯಂತ್ರ ತಾನೇ ಬರೆದಿಡುವ ದಿನಚರಿ

ಕಚೇರಿಯ ಕೆಲವು ಗಣಕಯಂತ್ರಗಳಲ್ಲಿ ಉಬುಂಟು ಅಥವಾ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಎಂಬ ಲಿನಕ್ಸ್ ವ್ಯವಸ್ಥೆ ಇರುತ್ತದೆ. ಲಿನಕ್ಸ್ ಯುನಿಕ್ಸ್ ಮನೆತನಕ್ಕೆ ಸೇರಿದ್ದು. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ ಆರಂಭವಾಯಿತು; ಅದೇ ಮಾದರಿಯನ್ನು ಅನುಸರಿಸಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದರು. ಪರವಾನಗಿ ಶುಲ್ಕವಿಲ್ಲ ಎಂಬುದು ಎಲ್ಲರಿಗೂ ತಿಳಿದ ಲಾಭ. ದೋಷ ಹುಡುಕುವವರಿಗೆ ಇದರಿಂದ ಇನ್ನೂ ಹೆಚ್ಚಿನ ಉಪಯೋಗವೊಂದಿದೆ: ಯಂತ್ರ ತನಗೆ ಒದಗಿದ್ದನ್ನೆಲ್ಲ ವೇಳೆ ಸಹಿತ ಬರೆದಿಡುತ್ತದೆ. ಜರ್ನಲ್‌ಸಿಟಿಎಲ್ ಎಂಬ ಆದೇಶ ಆ ದಿನಚರಿಯನ್ನು ತೆರೆದು ತೋರಿಸುತ್ತದೆ. ಕೇಬಲ್ ಸಂಪರ್ಕ ಕಡಿದಿದ್ದರೆ ಅಲ್ಲಿ "ಲಿಂಕ್ ಈಸ್ ಡೌನ್" ಎಂಬ ಸಾಲು, ಮರಳಿದ್ದರೆ "ಲಿಂಕ್ ಈಸ್ ಅಪ್" ಎಂಬ ಸಾಲು, ಎರಡರ ಎದುರಿಗೂ ಗಂಟೆ, ನಿಮಿಷ, ಸೆಕೆಂಡು ಇರುತ್ತದೆ.

ನೋಟ್ ಪುಸ್ತಕದ ವಹಿಯನ್ನು ಈ ದಿನಚರಿಯ ಪಕ್ಕದಲ್ಲಿಟ್ಟು ಓದುವುದೇ ಪರೀಕ್ಷೆಯ ಅರ್ಧಭಾಗ. ವಹಿಯಲ್ಲಿ 11.05 ಎಂದಿದೆ, ದಿನಚರಿಯಲ್ಲೂ ಅದೇ ಹೊತ್ತಿಗೆ "ಲಿಂಕ್ ಈಸ್ ಡೌನ್" ಎಂದಿದೆ ಎಂದಾದರೆ ದೋಷ ಯಂತ್ರದಿಂದ ರೂಟರಿನವರೆಗಿನ ಕೆಲವೇ ಅಡಿಗಳಲ್ಲಿದೆ: ಕೇಬಲ್, ಅದರ ತುದಿ, ಯಂತ್ರದ ಜೋಡಣೆಯ ಕಿಂಡಿ ಅಥವಾ ಆರಿಹೋದ ರೂಟರ್. ದಿನಚರಿ ಆ ಹೊತ್ತಿಗೆ ಏನನ್ನೂ ಹೇಳದಿದ್ದರೆ ಕೇಬಲ್ ಬಹುತೇಕ ನಿರಪರಾಧಿ. ಹುಡುಕಾಟ ಮುಂದಕ್ಕೆ ಸಾಗಬೇಕು. ಈ ಕಾರಣಕ್ಕಾಗಿಯೇ, ದಿನಚರಿಯನ್ನು ಓದುವ ಮೊದಲೇ ವ್ಯವಸ್ಥೆಯನ್ನು ಅಳಿಸಿ ಮರುಅಳವಡಿಸುವ ತಂತ್ರಜ್ಞನನ್ನು ತಡೆಯಬೇಕು. ಆತ ಅಳಿಸುತ್ತಿರುವುದು ಸಾಕ್ಷ್ಯವನ್ನು.

ಮೂರು ಕೂಗು

ಯುನಿಕ್ಸ್ ಬಳಗದಲ್ಲಿ ಪಿಂಗ್ ಎಂಬ ಪುಟ್ಟ ಆದೇಶವಿದೆ. ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬುವರು 1983ರ ಡಿಸೆಂಬರಿನಲ್ಲಿ, ತಮ್ಮ ಜಾಲದಲ್ಲಿ ಕಂಡ ವಿಚಿತ್ರ ವರ್ತನೆಯ ಕಾರಣ ಹುಡುಕಲೆಂದೇ ಇದನ್ನು ಬರೆದರು. ಸಾಗರದಲ್ಲಿ ಜಲಾಂತರ್ಗಾಮಿಯನ್ನು ಪತ್ತೆಹಚ್ಚಲು ಕಳುಹಿಸುವ ಶಬ್ದತರಂಗದ ಸದ್ದೇ ಇದರ ಹೆಸರು. ಕೆಲಸವೂ ಅದೇ ಬಗೆಯದು: ದೂರದ ಯಂತ್ರಕ್ಕೆ "ಇದ್ದೀಯಾ?" ಎಂದು ಕೂಗುವುದು, "ಇದ್ದೇನೆ" ಎಂಬ ಉತ್ತರ ಬರಲು ಹಿಡಿದ ಸಮಯವನ್ನು ಅಳೆಯುವುದು. ನಲವತ್ತು ವರ್ಷ ಕಳೆದರೂ ಇದಕ್ಕಿಂತ ಸರಳವಾದ ಉಪಕರಣ ಬಂದಿಲ್ಲ.

ಸಂಪರ್ಕ ಕಡಿದಾಗ ಕೂಗಬೇಕಾದದ್ದು ಮೂರು ಕಡೆಗೆ. ಮೊದಲು ಕಚೇರಿಯ ರೂಟರಿಗೆ. ಅದರ ವಿಳಾಸ ಸಾಮಾನ್ಯವಾಗಿ 192.168.1.1ರಂತೆ ಇರುತ್ತದೆ. ಕೇಬಲ್ ಮೂಲಕ ಕೂಗಿದರೆ ಉತ್ತರ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. ಇಲ್ಲಿಯೇ ಉತ್ತರ ಬಾರದಿದ್ದರೆ ದೋಷ ಕಚೇರಿಯ ಒಳಗಿದೆ. ಹೊರಗಿನ ಯಾರ ಮೇಲೂ ದೂರು ಬರೆಯುವ ಹಕ್ಕು ಇನ್ನೂ ಹುಟ್ಟಿಲ್ಲ. ಎರಡನೆಯದು ಹೊರಜಗತ್ತಿನ ಒಂದು ಪ್ರಸಿದ್ಧ ಸಂಖ್ಯೆಗೆ, ಉದಾಹರಣೆಗೆ 8.8.8.8ಕ್ಕೆ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ರೂಟರಿನಿಂದಾಚೆ, ಅಂದರೆ ಒಎನ್‌ಟಿ, ಗಾಜಿನ ಎಳೆ ಅಥವಾ ಸೇವಾದಾರರ ಕಡೆಗಿದೆ. ಮೂರನೆಯದು ತಂತ್ರಾಂಶದ ಜಾಲತಾಣದ ಹೆಸರಿಗೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಅನೇಕ ಸರ್ಕಾರಿ ಸರ್ವರುಗಳು ಭದ್ರತೆಯ ಕಾರಣ ಪಿಂಗ್ ಕೂಗಿಗೆ ಉತ್ತರಿಸುವುದೇ ಇಲ್ಲ. ಆದುದರಿಂದ ಉತ್ತರ ಬಂತೇ ಎಂದು ನೋಡುವುದಕ್ಕಿಂತ, ಪಿಂಗ್‌ನ ಮೊದಲ ಸಾಲಿನಲ್ಲಿ ಆ ಹೆಸರಿನ ಎದುರು ಒಂದು ಸಂಖ್ಯೆ ಮೂಡಿತೇ ಎಂದು ನೋಡಬೇಕು. ಸಂಖ್ಯೆ ಮೂಡಿದರೆ ಹೆಸರು ಪತ್ತೆಯಾಗಿದೆ. ಮೂಡದಿದ್ದರೆ ಹೆಸರನ್ನು ಸಂಖ್ಯೆಯಾಗಿ ಬದಲಿಸಿಕೊಡುವ ವ್ಯವಸ್ಥೆ ಕೆಟ್ಟಿದೆ.

ಬಂದು ಹೋಗುವ ದೋಷಕ್ಕೆ ಒಂದು ಬಾರಿಯ ಕೂಗು ಸಾಲದು. ಎರಡು ಕಿಟಕಿಗಳಲ್ಲಿ, ಒಂದರಲ್ಲಿ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ ಸಂಖ್ಯೆಗೆ, ಕಚೇರಿ ತೆರೆದಾಗಿನಿಂದ ಮುಚ್ಚುವವರೆಗೆ ಪಿಂಗ್ ಓಡುತ್ತಿರಲಿ. ಪ್ರತಿ ಉತ್ತರದ ಜತೆಗೆ ವೇಳೆಯನ್ನೂ ದಾಖಲಿಸಿ ಕಡತದಲ್ಲಿ ಉಳಿಸುವ ಆಯ್ಕೆ ಅದರಲ್ಲಿದೆ. ಯಾವ ಕಿಟಕಿ ಮೊದಲು ಮೌನವಾಯಿತು ಎಂಬುದು ಸಂಜೆಗೆ ಯಾವ ತರ್ಕವೂ ಬೇಡದೆ ಕಣ್ಣಿಗೆ ಕಾಣುತ್ತದೆ.

ಕೇಬಲ್

ಕಚೇರಿಯ ಒಳಗಿನ ಕೇಬಲ್ಲಿನಲ್ಲಿ ಎಂಟು ತಂತಿಗಳು, ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡು ಸಾಕು. ಆದ್ದರಿಂದ ಇಲಿ ಒಂದು ಜೋಡಿಯನ್ನು ಕಡಿದರೆ ಸಂಪರ್ಕ ಸಾಯದೆ ಕುಂಟಬಹುದು. ಎತ್‌ಟೂಲ್ ಎಂಬ ಆದೇಶ ಈಗಿನ ವೇಗ ಎಷ್ಟೆಂದು ತಿಳಿಸುತ್ತದೆ. ಎರಡೂ ಕಡೆಯ ಉಪಕರಣಗಳು 1000ಕ್ಕೆ ಸಮರ್ಥವಾಗಿದ್ದೂ 100 ಎಂದು ತೋರಿಸಿದರೆ ಕೇಬಲ್ಲಿನ ಮೇಲೆ ಸಂಶಯ ಪಡಬೇಕು. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಮೇಜು ಅಲುಗಿದಾಗಲೆಲ್ಲ ಸಂಪರ್ಕ ಹೋಗುತ್ತದೆ. ಕಸ ಗುಡಿಸುವ ಹೊತ್ತಿಗೇ ಅಂತರ್ಜಾಲ ಹೋಗುವ ಕಚೇರಿಗಳ ರಹಸ್ಯ ಇದು. ಇಂಥ ಕೇಬಲ್ಲಿನ ಒಂದು ತುಂಡು 100 ಮೀಟರ್ ಮೀರಬಾರದು ಎಂಬುದು ನಿಯಮ. ಪಕ್ಕದ ಗ್ರಂಥಾಲಯಕ್ಕೋ ಅಂಗನವಾಡಿಗೋ ಕಿಟಕಿಯ ಮೂಲಕ ಎಳೆದ ಕೇಬಲ್ ಈ ಮಿತಿಯನ್ನು ದಾಟಿಲ್ಲವೇ, ಬಿಸಿಲು ಮಳೆಗೆ ಅದರ ಹೊದಿಕೆ ಬಿರಿದಿಲ್ಲವೇ ಎಂದು ನೋಡುವುದು ಒಳ್ಳೆಯದು. ಪರೀಕ್ಷೆ ಸುಲಭ: ಚೆನ್ನಾಗಿರುವ ಇನ್ನೊಂದು ಕೇಬಲ್ ಹಾಕಿ ಎರಡು ದಿನ ವಹಿ ನೋಡುವುದು.

ಒಂದೇ ಸಂಖ್ಯೆಗೆ ಇಬ್ಬರು ಒಡೆಯರು

ಕೇಬಲ್ ಸರಿಯಿದೆ, ವಿದ್ಯುತ್ ಸರಿಯಿದೆ, ಒಂದೇ ಯಂತ್ರದಲ್ಲಿ ಮಾತ್ರ ಸಂಪರ್ಕ ಬಂದು ಹೋಗುತ್ತಿದೆ, ಉಳಿದವು ಚೆನ್ನಾಗಿವೆ. ಇಂಥ ಸಂದರ್ಭದಲ್ಲಿ ಪಂಚಾಯಿತಿಯವರಿಗೆ ತೀರ ಪರಿಚಿತವಾದ ಒಂದು ಬಗೆಯ ದೋಷವನ್ನು ನೆನೆಯಬೇಕು: ಒಂದೇ ಸ್ವತ್ತಿನ ಸಂಖ್ಯೆ ಎರಡು ಮನೆಗಳಿಗೆ ದಾಖಲಾಗಿರುವುದು.

ಜಾಲದ ಪ್ರತಿಯೊಂದು ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. ಸಾಮಾನ್ಯವಾಗಿ ರೂಟರ್ ಆ ಸಂಖ್ಯೆಗಳನ್ನು ಹಂಚುತ್ತದೆ. ಆದರೆ ಅದು ಶಾಶ್ವತ ಹಕ್ಕುಪತ್ರವಲ್ಲ. ಗೊತ್ತುಪಡಿಸಿದ ಅವಧಿಯ ಗುತ್ತಿಗೆ. ಅವಧಿ ಅರ್ಧ ಕಳೆದಾಗ ಯಂತ್ರ ನವೀಕರಣಕ್ಕೆ ಕೇಳುತ್ತದೆ, ರೂಟರ್ ಕೊಡುತ್ತದೆ. ತೊಡಕು ಹುಟ್ಟುವುದು ಯಾರೋ ಒಬ್ಬರು ರೂಟರನ್ನು ಕೇಳದೆ ಸಂಖ್ಯೆಯನ್ನು ಕೈಯಿಂದ ಬರೆದುಕೊಂಡಾಗ. ಸಿಸಿಟಿವಿ ಅಳವಡಿಸಿದವರು ಅದರ ಪೆಟ್ಟಿಗೆಗೆ 192.168.1.10 ಎಂದು ಸ್ಥಿರ ಸಂಖ್ಯೆ ಕೊಟ್ಟು ಹೋಗಿರುತ್ತಾರೆ. ರೂಟರಿಗೆ ಅದರ ಅರಿವಿಲ್ಲ. ಅದೇ ಸಂಖ್ಯೆಯನ್ನು ಮುಂದೊಂದು ದಿನ ಗಣಕಯಂತ್ರಕ್ಕೂ ಕೊಡುತ್ತದೆ. ಜಾಲದ ಉಳಿದ ಉಪಕರಣಗಳು "ಈ ಸಂಖ್ಯೆ ಯಾವ ಯಂತ್ರದ್ದು" ಎಂಬ ತಾತ್ಕಾಲಿಕ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತವೆ. ಕೊನೆಯಲ್ಲಿ ಮಾತನಾಡಿದವರ ಹೆಸರು ಆ ಪಟ್ಟಿಗೆ ಏರುತ್ತದೆ. ಗಣಕಯಂತ್ರ ಮಾತನಾಡಿದಾಗ ಟಪಾಲು ಗಣಕಯಂತ್ರಕ್ಕೆ. ಸಿಸಿಟಿವಿ ಪೆಟ್ಟಿಗೆ ಮಾತನಾಡಿದಾಗ ಟಪಾಲು ಅತ್ತ ಹೋಗಿ ಕಸವಾಗುತ್ತದೆ. ಕೆಲವು ನಿಮಿಷ ಇದೆ, ಕೆಲವು ನಿಮಿಷ ಇಲ್ಲ. ಕೇಬಲ್ ಕಡಿದಿಲ್ಲವಾದ್ದರಿಂದ ದಿನಚರಿಯಲ್ಲಿ "ಲಿಂಕ್ ಈಸ್ ಡೌನ್" ಎಂಬ ಸಾಲೂ ಇರುವುದಿಲ್ಲ.

ವಿದ್ಯುತ್ ಮಿನುಗಿಗೂ ಇದಕ್ಕೂ ನಂಟಿದೆ. ಕೆಲವು ರೂಟರುಗಳು ಆರಿ ಹೊತ್ತಿದಾಗ ತಾವು ಹಂಚಿದ್ದ ಗುತ್ತಿಗೆಗಳ ಪಟ್ಟಿಯನ್ನೇ ಮರೆಯುತ್ತವೆ. ಯುಪಿಎಸ್ ಮೇಲೆ ಎಚ್ಚರವಾಗಿದ್ದ ಗಣಕಯಂತ್ರ ಹಳೆಯ ಸಂಖ್ಯೆಯನ್ನು ಹಿಡಿದುಕೊಂಡೇ ಇರುತ್ತದೆ. ರೂಟರ್ ಅದೇ ಸಂಖ್ಯೆಯನ್ನು ಹೊಸದಾಗಿ ಬಂದ ಯಾರದೋ ಮೊಬೈಲಿಗೆ ಕೊಡಬಹುದು.

ಪತ್ತೆಹಚ್ಚುವ ಬಗೆ ಹೀಗೆ: ದೋಷವಿರುವ ಗಣಕಯಂತ್ರದ ಸಂಖ್ಯೆಯನ್ನು ಬರೆದುಕೊಂಡು, ಅದರ ಕೇಬಲ್ಲನ್ನು ಕಿತ್ತು, ಬೇರೊಂದು ಯಂತ್ರದಿಂದ ಅದೇ ಸಂಖ್ಯೆಗೆ ಪಿಂಗ್ ಮಾಡಬೇಕು. ಕಿತ್ತ ಯಂತ್ರ ಉತ್ತರಿಸಲಾರದು. ಆದರೂ ಉತ್ತರ ಬಂದರೆ ಆ ಸಂಖ್ಯೆಗೆ ಇನ್ನೊಬ್ಬ ಒಡೆಯನಿದ್ದಾನೆ. ಆರ್ಪಿಂಗ್ ಎಂಬ ಇನ್ನೊಂದು ಆದೇಶ ಆತನ ಯಂತ್ರಾಂಶದ ಗುರುತನ್ನೂ ತೋರಿಸುತ್ತದೆ. ಪರಿಹಾರಕ್ಕೆ ಖರ್ಚಿಲ್ಲ: ಸಿಸಿಟಿವಿ, ಪ್ರಿಂಟರ್ ಮುಂತಾದ ಸ್ಥಿರ ಉಪಕರಣಗಳಿಗೆ ರೂಟರ್ ಹಂಚುವ ವ್ಯಾಪ್ತಿಯ ಹೊರಗಿನ ಸಂಖ್ಯೆಗಳನ್ನು ಕೊಟ್ಟು, ಆ ಪಟ್ಟಿಯನ್ನು ರೂಟರಿನ ಮೇಲೆಯೇ ಅಂಟಿಸಿಡುವುದು. ಸಿಸಿಟಿವಿ ಗುತ್ತಿಗೆದಾರರ ಬಿಲ್ಲಿಗೆ ಅನುಮೋದನೆ ಕೊಡುವ ಮೊದಲು "ಯಾವ ಸಂಖ್ಯೆ ಕೊಟ್ಟಿದ್ದೀರಿ?" ಎಂದು ಸದಸ್ಯರೊಬ್ಬರು ಕೇಳಿದರೆ ಮುಂದಿನ ಎಷ್ಟೋ ತೊಂದರೆ ತಪ್ಪುತ್ತದೆ.

ಉಳಿದ ಕೆಲವು ಕಾರಣಗಳು

ಕೇಬಲ್ ಇಲ್ಲದೆ ವೈಫೈ ಬಳಸುವ ಲಿನಕ್ಸ್ ಯಂತ್ರಗಳಲ್ಲಿ ವಿದ್ಯುತ್ ಉಳಿತಾಯದ ಒಂದು ವ್ಯವಸ್ಥೆ ಇರುತ್ತದೆ. ಕೆಲಸವಿಲ್ಲದಾಗ ವೈಫೈ ಭಾಗ ಅರೆನಿದ್ರೆಗೆ ಜಾರುತ್ತದೆ. ಕೆಲವು ವೈಫೈ ಚಿಪ್ಪುಗಳು ಆ ನಿದ್ರೆಯಿಂದ ಸರಿಯಾಗಿ ಏಳುವುದಿಲ್ಲ. ಬ್ಯಾಟರಿಯೇ ಇಲ್ಲದ ಮೇಜಿನ ಯಂತ್ರಕ್ಕೆ ಈ ಉಳಿತಾಯದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಉಬುಂಟುವಿನ ನೆಟ್‌ವರ್ಕ್ ಮ್ಯಾನೇಜರ್ ಸಂರಚನೆಯಲ್ಲಿ ಇದರ ಮೌಲ್ಯ 3 ಎಂದಿರುವುದನ್ನು 2 ಎಂದು ಬದಲಿಸಿದರೆ ಉಳಿತಾಯ ನಿಲ್ಲುತ್ತದೆ. ಅದಕ್ಕೂ ಮೇಲಾದ ಪರಿಹಾರ ಒಂದು ಕೇಬಲ್ ಎಳೆಯುವುದು.

ಕೇಬಲ್ ಹಾಗೂ ಮೊಬೈಲ್ ಹಾಟ್‌ಸ್ಪಾಟ್ ಎರಡನ್ನೂ ಒಟ್ಟಿಗೆ ಜೋಡಿಸಿಟ್ಟುಕೊಳ್ಳುವ ರೂಢಿಯೂ ಕೆಲವೆಡೆ ಇದೆ. ಲಿನಕ್ಸ್ ಕೇಬಲ್ಲಿಗೆ ಮೊದಲ ಪ್ರಾಶಸ್ತ್ಯ ಕೊಟ್ಟು, ಅದು ಕಡಿದಾಗ ಹಾಟ್‌ಸ್ಪಾಟಿಗೆ ಹೊರಳುತ್ತದೆ, ಮರಳಿದಾಗ ಮತ್ತೆ ಕೇಬಲ್ಲಿಗೆ. ಪ್ರತಿ ಹೊರಳಿಗೂ ನಡೆಯುತ್ತಿದ್ದ ಸಂಪರ್ಕಗಳು ತುಂಡಾಗುತ್ತವೆ. ಅರ್ಧ ತುಂಬಿದ ನಮೂನೆ ಕಳೆದುಹೋಗಬಹುದು. ತುರ್ತಿಗೆ ಹಾಟ್‌ಸ್ಪಾಟ್ ಬಳಸುವುದಾದರೆ ಕೇಬಲ್ಲನ್ನು ಬಿಚ್ಚಿಯೇ ಬಳಸುವುದು ಲೇಸು.

ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಸೇವೆಗೆ ಎರಡು ವಿಳಾಸಗಳನ್ನು ಕೊಟ್ಟು, ಮೊದಲನೆಯದು ಸತ್ತಿದ್ದರೆ, ಲಿನಕ್ಸ್ ಸಾಮಾನ್ಯವಾಗಿ 5 ಸೆಕೆಂಡು ಕಾದು ಎರಡನೆಯದನ್ನು ಕೇಳುತ್ತದೆ. ಪುಟ ತೆರೆಯುತ್ತದೆ, ಆದರೆ ಪ್ರತಿ ಬಾರಿಯೂ ತೂಕಡಿಸಿ ತೆರೆಯುತ್ತದೆ. ಇದನ್ನು "ನೆಟ್ ನಿಧಾನ" ಎಂದು ದೂರುವುದು ವಾಡಿಕೆ.

ಹಳೆಯ ಯಂತ್ರಗಳಲ್ಲಿ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತರೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳನ್ನು ಯಂತ್ರ ಒಪ್ಪುವುದಿಲ್ಲ. ಜಾಲದಿಂದ ಸರಿಯಾದ ವೇಳೆ ಬಂದ ಮೇಲೆ ಎಲ್ಲವೂ ತೆರೆಯುತ್ತದೆ. ಬೆಳಿಗ್ಗೆ ಮಾತ್ರ "ಸರ್ವರ್ ಇಲ್ಲ" ಎನ್ನುವ ಕಚೇರಿಯಲ್ಲಿ ಪರದೆಯ ಮೂಲೆಯ ದಿನಾಂಕವನ್ನು ಒಮ್ಮೆ ನೋಡುವುದು ಉಚಿತ.

ಗೋಡೆಯ ಆಚೆಗೆ

ರೂಟರ್ ಉತ್ತರಿಸುತ್ತಿದೆ, ಹೊರಗಿನ ಸಂಖ್ಯೆ ಉತ್ತರಿಸುತ್ತಿಲ್ಲ ಎಂದಾದಾಗ ಒಎನ್‌ಟಿಯ ದೀಪಗಳನ್ನು ನೋಡಬೇಕು. "ಪಾನ್" ಎಂಬ ದೀಪ ಹಸಿರಾಗಿ ನಿಶ್ಚಲವಾಗಿದ್ದರೆ ಬೆಳಕಿನ ಮಾರ್ಗ ಸರಿಯಿದೆ. "ಲಾಸ್" ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ. ಆಗ ಗಣಕಯಂತ್ರದ ತಂತ್ರಜ್ಞನನ್ನು ಕರೆಸುವುದು ವ್ಯರ್ಥ. ಮಾರ್ಗ ನಿರ್ವಹಣೆಯವರಿಗೇ ತಿಳಿಸಬೇಕು. ಎಳೆ ಪೂರ್ತಿ ತುಂಡಾಗದೆ ಎಲ್ಲಿಯೋ ತೀರ ಬಾಗಿದ್ದರೆ ಅಥವಾ ಹಿಂದಿನ ಜೋಡಣೆ ದುರ್ಬಲವಾಗಿದ್ದರೆ ಬೆಳಕು ಕ್ಷೀಣಿಸಿ, ಸಂಪರ್ಕ ಬಂದು ಹೋಗುತ್ತದೆ.

ಈ ವಿಷಯದಲ್ಲಿ ಸದಸ್ಯರ ಕೈಯಲ್ಲಿರುವ ಅಧಿಕಾರ ದೊಡ್ಡದು. ರಸ್ತೆಯ ಬದಿಯಲ್ಲಿ ಗಾಜಿನ ಎಳೆಯನ್ನು ಕತ್ತರಿಸುವ ಜೆಸಿಬಿ ಬಹಳ ಸಲ ಬಂದಿರುವುದು ಕುಡಿಯುವ ನೀರಿನ ಪೈಪಿಗೋ ಚರಂಡಿಗೋ, ಅಂದರೆ ಪಂಚಾಯಿತಿಗೆ ತಿಳಿದೇ ನಡೆಯುವ ಕಾಮಗಾರಿಗೆ. ಗುಂಡಿ ತೋಡುವ ಮೊದಲು ಎಳೆಯ ಮಾರ್ಗ ಎಲ್ಲಿದೆ ಎಂದು ನಿರ್ವಹಣೆಯವರಿಂದ ತಿಳಿದು ಸುಣ್ಣದ ಗೆರೆ ಹಾಕಿಸಬೇಕೆಂದು ಕಾಮಗಾರಿ ಆದೇಶದಲ್ಲಿಯೇ ಒಂದು ಸಾಲು ಸೇರಿಸಬಹುದು.

ಮೂರೂ ಕೂಗಿಗೆ ತೃಪ್ತಿಕರ ಉತ್ತರವಿದ್ದು, ಬೇರೆ ಜಾಲತಾಣಗಳು ತೆರೆದು, ಮೊಬೈಲಿನ ಸ್ವಂತ ಡಾಟಾದಲ್ಲೂ ಒಂದೇ ತಂತ್ರಾಂಶ ಮಾತ್ರ ತೆರೆಯದಿದ್ದರೆ, ಆಗ "ಸರ್ವರ್ ಇಲ್ಲ" ಎಂಬ ಮಾತು ನಿಜ. ಅಂಥ ಹೊತ್ತಿನಲ್ಲಿ ಕಚೇರಿಯವರು ಮಾಡಬಹುದಾದ ದುರಸ್ತಿ ಏನೂ ಇಲ್ಲ. ಸಾರ್ವಜನಿಕರ ಅರ್ಜಿಯನ್ನು ಕಾಗದದಲ್ಲಿ ಪಡೆದು ದಿನಾಂಕ ಸಹಿತ ಸ್ವೀಕೃತಿ ಕೊಡುವುದೊಂದೇ ದಾರಿ. ಸಂಪರ್ಕ ಯಾವ ಕಾರಣಕ್ಕೆ ಹೋಗಿದ್ದರೂ ಸ್ವೀಕೃತಿಗೆ ಅಂತರ್ಜಾಲ ಬೇಕಿಲ್ಲ ಎಂಬುದನ್ನು ಸದಸ್ಯರು ಸಿಬ್ಬಂದಿಗೆ ನೆನಪಿಸುತ್ತಿರಬೇಕು. ಕೂಲಿ ಕೇಳಲು ಬಂದ ಮಹಿಳೆಯ ಬೇಡಿಕೆ ಆಕೆ ಬಂದ ದಿನದಿಂದಲೇ ಲೆಕ್ಕಕ್ಕೆ ಬರಬೇಕಾದರೆ ಆ ಚೀಟಿ ಆಕೆಯ ಕೈಯಲ್ಲಿರಬೇಕು.

ದೂರು ಮತ್ತು ಬಿಲ್ಲು

ಹೊರಗಿನ ಸಂಸ್ಥೆಗೆ ಬರೆಯುವ ದೂರು "ಅಂತರ್ಜಾಲ ಸರಿಯಾಗಿ ಬರುತ್ತಿಲ್ಲ, ಸರಿಪಡಿಸಿಕೊಡಲು ಕೋರಿದೆ" ಎಂದಿದ್ದರೆ ಅದು ರಾಶಿಯ ಕೆಳಗೆ ಸೇರುತ್ತದೆ. "ಹತ್ತು ದಿನಗಳಲ್ಲಿ ಹದಿನಾಲ್ಕು ಬಾರಿ ಸಂಪರ್ಕ ಕಡಿದಿದೆ, ವೇಳಾಪಟ್ಟಿ ಲಗತ್ತಿಸಿದೆ. ಪ್ರತಿ ಸಲವೂ ರೂಟರಿನಿಂದ ಉತ್ತರವಿತ್ತು, ಹೊರಗಿನ ಸಂಖ್ಯೆಯಿಂದ ಇರಲಿಲ್ಲ, ಒಎನ್‌ಟಿಯ ಲಾಸ್ ದೀಪ ಕೆಂಪಾಗಿತ್ತು, ಉಪಕರಣಗಳು ಯುಪಿಎಸ್ ಮೇಲಿವೆ" ಎಂದಿದ್ದರೆ, ಓದುವ ತಂತ್ರಜ್ಞನಿಗೆ ಯಾವ ಉಪಕರಣ ಹಿಡಿದು ಎಲ್ಲಿಗೆ ಬರಬೇಕೆಂದು ತಿಳಿಯುತ್ತದೆ. ಇನ್ನೂ ಒಂದು ಮಾತು: ವಹಿಯನ್ನು ಡಾಟಾ ಎಂಟ್ರಿ ಆಪರೇಟರ್ ಅವರ ತಪ್ಪುಪಟ್ಟಿಯೆಂದು ಬಳಸಿದರೆ ಮೂರನೆಯ ದಿನದಿಂದ ಅದರಲ್ಲಿ ನಮೂದುಗಳೇ ಇರುವುದಿಲ್ಲ.

ದುರಸ್ತಿಯಾದ ನಂತರವೂ ಕನಿಷ್ಠ ಒಂದು ವಾರ ವಹಿಯನ್ನೂ ಪಿಂಗ್ ಕಡತವನ್ನೂ ಮುಂದುವರಿಸತಕ್ಕದ್ದು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿಸಬೇಕು. ಕೇಬಲ್, ರೂಟರ್, ವ್ಯವಸ್ಥೆ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮೂರಕ್ಕೂ ಹಣ ಸಂದಾಯವಾಗುತ್ತದೆ. ದುರಸ್ತಿಯ ಬಿಲ್ಲು ಸಭೆಯ ಮುಂದೆ ಬರುವಾಗ ಅದರ ಜತೆಗೆ ಹಿಂದಿನ ಹತ್ತು ದಿನಗಳ ಮತ್ತು ನಂತರದ ಏಳು ದಿನಗಳ ವಹಿಯ ಪುಟಗಳೂ ಇರಲಿ ಎಂದು ಸದಸ್ಯರು ಕೇಳಬಹುದು.